ಕೂಸಿನ ಜೊತೆ ಅಕ್ಕನೂ ಗುಳೆ ಹೊರಟಳು

ದೀಪಾವಳಿ ಕಳೆದು ತೊಗರಿ ಹೂ ಬಿಡುವ ಹೊತ್ತಿಗೆ ಸುರಪುರ ತಾಲ್ಲೂಕಿನ ಬೋನಾಳ ಕೆರೆಗೆ ಹೊರಗಿನವರು ಬರತೊಡಗುತ್ತಾರೆ. ಮೊದಲು ಹಕ್ಕಿಗಳು, ಅವುಗಳ ಹಿಂದೆ ಉದ್ದ ಲೆನ್ಸಿನ ಕ್ಯಾಮೆರಾ ಹೊತ್ತವರು. 17ನೇ ಶತಮಾನದಲ್ಲಿ ಸುರಪುರದ ಅರಸ ಪಾಮನಾಯಕ ಕಟ್ಟಿಸಿದ ಕೆರೆ ಇದು. 19ನೇ ಶತಮಾನದ ನಡುಭಾಗದಲ್ಲಿ ಸುರಪುರದಲ್ಲಿ ಬ್ರಿಟಿಷ್ ಅಧಿಕಾರಿಯಾಗಿದ್ದ ಫಿಲಿಪ್ ಮೆಡೋಸ್ ಟೇಲರ್ ಇದನ್ನು ದುರಸ್ತಿ ಮಾಡಿಸಿದ. ಈಗ ರಾಜ್ಯದ ದೊಡ್ಡ ಪಕ್ಷಿಧಾಮಗಳಲ್ಲೊಂದು. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತಿನಂಥ ಅತಿಥಿಗಳನ್ನು ನೋಡಲು ದೂರದೂರಿನ ಜನ ಕಲಬುರಗಿ, ಯಾದಗಿರಿ ದಾಟಿಕೊಂಡು ಬರುತ್ತಾರೆ. ಅದೇ ವಾರಗಳಲ್ಲಿ ಸುತ್ತಲಿನ ಊರು, ದೊಡ್ಡಿ, ತಾಂಡಾಗಳಿಂದ ಇನ್ನೊಂದು ಗುಂಪು ಕೂಲಿ ಅರಸಿ ಗುಳೆ ಹೊರಡಲು ಗಂಟುಮೂಟೆ ಕಟ್ಟಿ ರಾತ್ರಿ ಬಸ್ಸಿಗೆ ಕಾಯುತ್ತಿರುತ್ತದೆ. ಆ ಗುಂಪಿನ ಫೋಟೊ ತೆಗೆಯಲು ಯಾರೂ ಬರುವುದಿಲ್ಲ.

ಹೊರಡುವ ಮೊದಲು ಮನೆಯಲ್ಲಿ ಎಷ್ಟೋ ಮಾತು ಆಗಿರುತ್ತದೆ. ಕೂಲಿಗಳನ್ನು ಕರೆದೊಯ್ಯುವ ಮುಕದ್ದಮ ಕೊಟ್ಟ ಮುಂಗಡ ಎಷ್ಟು, ಅದರಲ್ಲಿ ಸೊಸೈಟಿ ಸಾಲಕ್ಕೆ ಎಷ್ಟು, ಮುತ್ಯಾನ ಔಷಧಿಗೆ ಎಷ್ಟು ಎಂಬ ಲೆಕ್ಕ ಒಂದು ರಾತ್ರಿಯಲ್ಲಿ ಮುಗಿಯುತ್ತದೆ. ಮುಗಿಯದ ಮಾತು ಒಂದೇ: ‘ಕೂಸಿಗಿ ಕರ್ಕೊಂಡು ಹೋಗಬೇಕಾ, ಆಯಿ (ಅಜ್ಜಿ) ಬಲ್ಲಿ ಬಿಡಬೇಕಾ?’ ಯಾದಗಿರಿ, ಶಹಾಪುರ, ಸುರಪುರ ಭಾಗದಲ್ಲಿ ವರ್ಷಕ್ಕೊಮ್ಮೆ ಸಾವಿರಾರು ಮನೆಗಳ ಒಲೆ ಮುಂದೆ ಕೂತು ಕೇಳುವ ಪ್ರಶ್ನೆ ಇದು. ದೊಡ್ಡ ಊರುಗಳಿಂದ ವಿದೇಶಕ್ಕೆ ಹೋಗುವ ದಂಪತಿಯೂ ಇದನ್ನೇ ಕೇಳಿಕೊಳ್ಳುತ್ತಾರೆ. ಆದರೆ ಅವರ ಕೈಯಲ್ಲಿ ವೀಸಾ ಬರುವವರೆಗೆ ಆರು ತಿಂಗಳು ಇರುತ್ತದೆ, ಮಕ್ಕಳ ವೈದ್ಯರ ಫೋನ್ ನಂಬರ್ ಇರುತ್ತದೆ, ಬೇಡವೆನಿಸಿದರೆ ಹೋಗದೇ ಇರುವ ದಾರಿಯೂ ಇರುತ್ತದೆ. ಇಲ್ಲಿ ಮುಂಗಡ ಈಸಿಕೊಂಡಾಗಿದೆ. ಬಸ್ಸು ನಾಳೆ ರಾತ್ರಿ.

ನೀರಾವರಿ ಬಂದ ಮೇಲೂ ಗುಳೆ ಯಾಕೆ ಎಂದು ದಕ್ಷಿಣದ ಓದುಗರು ಕೇಳುವುದುಂಟು. ಕೃಷ್ಣಾ ಮೇಲ್ದಂಡೆ ಯೋಜನೆಯ ನಾರಾಯಣಪುರ ಜಲಾಶಯ ಇದೇ ನೆಲದಲ್ಲಿದೆ, ಎಡದಂಡೆ ಕಾಲುವೆ ಸುರಪುರ, ಶಹಾಪುರಗಳ ಹೊಲಗಳಿಗೆ ನೀರು ಹರಿಸುತ್ತದೆ, ಭತ್ತದ ಗದ್ದೆಗಳು ಕಣ್ಣಿಗೆ ಕಾಣುವಷ್ಟು ದೂರ ಹಸಿರಾಗಿವೆ. ಎಲ್ಲವೂ ನಿಜ. ಆದರೆ ಕಾಲುವೆಯ ತುದಿಗೆ ನೀರು ಬರುವುದು ದೇವರಿಗೆ ಪ್ರೀತಿ. ಖುಷ್ಕಿ ಹೊಲದ ಎರಡು ಎಕರೆ ಸಜ್ಜೆ, ಹತ್ತಿ, ತೊಗರಿ ಮಳೆಯ ಮರ್ಜಿಗೆ ಬಿಟ್ಟಿದ್ದು. ಹೊಲವೇ ಇಲ್ಲದವರಿಗೆ ಕಾಲುವೆ ಕೊಟ್ಟದ್ದು ನಾಟಿ ಮತ್ತು ಹತ್ತಿ ಬಿಡಿಸುವ ಕೆಲವು ವಾರಗಳ ಕೂಲಿ ಮಾತ್ರ. 2009ರ ಕೊನೆಯಲ್ಲಿ ಕಲಬುರಗಿಯಿಂದ ಬೇರೆಯಾಗಿ ಜಿಲ್ಲೆಯಾದ ಯಾದಗಿರಿ, 2011ರ ಜನಗಣತಿಯಲ್ಲಿ ಶೇ 52ರಷ್ಟೂ ಇಲ್ಲದ ಸಾಕ್ಷರತೆಯೊಂದಿಗೆ ರಾಜ್ಯದ ಕೊನೆಯ ಸ್ಥಾನದಲ್ಲಿತ್ತು. ಈ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371(ಜೆ) ವಿಧಿ ಬಂತು, ಹೈದರಾಬಾದ್ ಕರ್ನಾಟಕ ಹೋಗಿ ಕಲ್ಯಾಣ ಕರ್ನಾಟಕ ಎಂದು ಹೆಸರು ಬದಲಾಯಿತು. ಸುರಪುರ ಬಸ್ ನಿಲ್ದಾಣದ ಹೊರಗೆ ಬೆಂಗಳೂರು, ಪುಣೆ, ಹೈದರಾಬಾದ್, ಗೋವಾ ಎಂದು ಕೂಗುವುದು ನಿಂತಿಲ್ಲ.

ಮನೆಯೊಳಗಿನ ಲೆಕ್ಕಕ್ಕೆ ಬರೋಣ. ಗಂಡಸು ಒಬ್ಬನೇ ಹೋದರೆ ಕೂಸಿನ ಪ್ರಶ್ನೆ ಏಳುವುದಿಲ್ಲ. ಆದರೆ ಒಬ್ಬನ ಕೂಲಿಯಲ್ಲಿ ಅಲ್ಲಿ ಅವನ ಊಟ, ಬೀಡಿ, ಮೊಬೈಲ್ ಕಳೆದು ಇಲ್ಲಿಗೆ ಬರುವುದು ಸಾಲದ ಬಡ್ಡಿಗೂ ಸಾಲದು. ಆದ್ದರಿಂದ ಜೋಡಿಯಾಗಿ ಹೋಗಬೇಕು. ಅವನು ಗೌಂಡಿ ಅಥವಾ ಸೆಂಟ್ರಿಂಗ್ ಕೆಲಸ, ಅವಳು ಇಟ್ಟಿಗೆ, ಮರಳು, ಕಾಂಕ್ರೀಟ್ ಬುಟ್ಟಿ ಹೊರುವುದು. ಹೊತ್ತು ಮುಳುಗುವವರೆಗೆ ಅವಳ ಎರಡೂ ಕೈ ತಲೆಯ ಮೇಲಿನ ಬುಟ್ಟಿಗೆ ಮೀಸಲು. ಕೂಸು ಎತ್ತಿಕೊಳ್ಳಲು ಮೂರನೆಯ ಕೈ ಬೇಕು.

ಆ ಮೂರನೆಯ ಕೈಗಾಗಿ ಮನೆಯವರು ಮೂಲೆಯತ್ತ ನೋಡುತ್ತಾರೆ. ಅಲ್ಲಿ ಎಂಟೋ ಒಂಬತ್ತೋ ವಯಸ್ಸಿನ ಹಿರಿಮಗಳು ಕೂತಿರುತ್ತಾಳೆ. ಮೂರನೇ ಇಯತ್ತೆ, ನಾಲ್ಕನೇ ಇಯತ್ತೆ. ‘ಕೂಸು ಆಡಿಸಲಾಕ ಯಾರರ ಬೇಕಲ್ಲ’ ಎಂದು ಯಾರೋ ಅನ್ನುತ್ತಾರೆ. ಅಷ್ಟೇ, ಮಾತು ಮುಗಿಯಿತು. ಇಡೀ ರಾತ್ರಿ ಚರ್ಚೆಯಾದದ್ದು ಕೂಸಿನ ಬಗ್ಗೆ. ಶಾಲೆ ಬಿಟ್ಟವಳು ಅದರ ಅಕ್ಕ. ಅವಳನ್ನು ಕರೆದೊಯ್ಯುವ ಬಗ್ಗೆ ಯಾರೂ ಚರ್ಚೆ ಮಾಡಲಿಲ್ಲ, ಅವಳನ್ನು ಕೇಳಲೂ ಇಲ್ಲ. ಗುಳೆ ಹೋಗುವವರ ಮಕ್ಕಳ ಬಗ್ಗೆ ಬರೆಯುವಾಗ ನಾವು ಸಾಮಾನ್ಯವಾಗಿ ಎರಡೇ ದಾರಿ ಹೇಳುತ್ತೇವೆ, ಒಯ್ಯುವುದು ಇಲ್ಲವೇ ಬಿಡುವುದು. ನನಗೆ ತೋರುವಂತೆ, ಒಯ್ಯುವ ದಾರಿಯ ಸುಂಕ ಕಟ್ಟುವವಳು ಈ ಹುಡುಗಿ. ಅವಳನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಯಾವ ಸಲಹೆಯೂ ಅರ್ಧ ಸಲಹೆ.

ಬೆಂಗಳೂರಿನ ಹೊರವಲಯದಲ್ಲಿ ಏಳುತ್ತಿರುವ ಯಾವುದೇ ಅಪಾರ್ಟ್‌ಮೆಂಟಿನ ನೆಲಮಹಡಿಗೆ ಹೋಗಿ ನೋಡಿ. ಸ್ಲ್ಯಾಬಿಗೆ ಕೊಟ್ಟ ಎರಡು ಕಬ್ಬಿಣದ ಜಾಕಿಗಳ ನಡುವೆ ಹಳೆ ಸೀರೆಯ ಜೋಲಿ ಕಟ್ಟಿರುತ್ತದೆ. ಅದರೊಳಗೆ ಕೂಸು. ಜೋಲಿಗೆ ಕಟ್ಟಿದ ಹಗ್ಗದ ಇನ್ನೊಂದು ತುದಿ ಆ ಹುಡುಗಿಯ ಕಾಲ್ಬೆರಳಿಗೆ. ಕಾಲಿನಿಂದ ತೂಗುತ್ತ, ಕೈಯಲ್ಲಿ ಜಲ್ಲಿಕಲ್ಲಿನಿಂದ ಕಲ್ಲಾಟ ಆಡುತ್ತಿರುತ್ತಾಳೆ. ಪಕ್ಕದಲ್ಲಿ ಒಂದು ಸ್ಟೀಲ್ ಲೋಟದಲ್ಲಿ ಚಹಾ, ಅದರಲ್ಲಿ ನೆನೆದ ಐದು ರೂಪಾಯಿ ಪ್ಯಾಕೆಟ್ಟಿನ ಬಿಸ್ಕತ್ತು. ಕೂಸು ಎದ್ದರೆ ತಿನ್ನಿಸಲು. ಗರಗಸದ ಯಂತ್ರ ಟೈಲ್ಸ್ ಕತ್ತರಿಸುವಾಗ ಏಳುವ ಬಿಳಿ ಪುಡಿ ಜೋಲಿಯ ಮಡಿಕೆಗಳಲ್ಲಿ ಕೂತಿರುತ್ತದೆ. ಹತ್ತು ಹೆಜ್ಜೆ ಆಚೆ ಮುಚ್ಚಳವಿಲ್ಲದ ನೀರಿನ ಸಂಪು. ಇನ್ನೂ ಆಚೆ ಲಿಫ್ಟಿಗೆಂದು ಬಿಟ್ಟ ಗುಂಡಿ. ಅಂಬೆಗಾಲಿಡುವ ಮಗು ಇಂಥ ಜಾಗದಲ್ಲಿ ದಿನ ಕಳೆಯುವುದು ಎಷ್ಟು ಅಪಾಯವೆಂದು ವಿವರಿಸುವುದು ಬೇಕಿಲ್ಲ. ಸಂಪಿಗೆ ಬಿದ್ದು ಮಗು ಸತ್ತ, ಹಿಂದಕ್ಕೆ ಬಂದ ಲಾರಿಯ ಗಾಲಿಗೆ ಮಲಗಿದ್ದ ಮಗು ಸಿಕ್ಕ ಸುದ್ದಿ ಪತ್ರಿಕೆಯ ಒಳಪುಟದಲ್ಲಿ ನಾಲ್ಕು ಸಾಲಿನಲ್ಲಿ ಆಗಾಗ ಬರುತ್ತಲೇ ಇರುತ್ತದೆ. ಆ ನಾಲ್ಕು ಸಾಲುಗಳ ಕೊನೆಗೆ ಪೋಷಕರ ಊರು ಕಲಬುರಗಿ, ರಾಯಚೂರು, ಯಾದಗಿರಿ ಜಿಲ್ಲೆ ಎಂದು ಇರುವುದು ನಮ್ಮ ಭಾಗದ ಓದುಗರಿಗೆ ರೂಢಿಯಾಗಿಬಿಟ್ಟಿದೆ.

ಹಾಗಾದರೆ ಬಿಟ್ಟು ಹೋಗುವುದೇ ಲೇಸು ಅನ್ನಬೇಕೇ? ಅಲ್ಲಿಗೂ ಹೋಗಿ ನೋಡಬೇಕು.

ಮೊಲೆ ಕುಡಿಯುವ ಕೂಸನ್ನು ಬಿಡುವ ಮಾತೇ ಇಲ್ಲ. ಮೊದಲ ಆರು ತಿಂಗಳು ತಾಯಿಯ ಹಾಲು ಬಿಟ್ಟು ಬೇರೇನೂ ಬೇಡ, ಆಮೇಲೆ ಎರಡು ವರ್ಷದವರೆಗೆ ಬೇರೆ ಆಹಾರದ ಜೊತೆ ಹಾಲೂ ಇರಲಿ ಎಂಬುದು ವೈದ್ಯರು ಹೇಳುವುದು. ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ಹೇಳುವುದೂ ಅದನ್ನೇ. ಯಾದಗಿರಿಯಲ್ಲಿ ಇದು ಬರೀ ಭಿತ್ತಿಚಿತ್ರದ ಮಾತಾಗಿ ಉಳಿಯುವಂತಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಈ ಜಿಲ್ಲೆಯ ಐದು ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕೂ ಹೆಚ್ಚು ಮಂದಿಗೆ ವಯಸ್ಸಿಗೆ ತಕ್ಕ ಎತ್ತರ ಇರಲಿಲ್ಲ. ಅಷ್ಟು ಸಣಕಲಾದ ಕೂಸಿನಿಂದ ಹಾಲು ಬಿಡಿಸಿ ಹೋಗುವುದೆಂದರೆ ಇದ್ದ ಒಂದು ಆಸರೆಯನ್ನೂ ಕಿತ್ತುಕೊಂಡಂತೆ.

ಹಾಲು ಬಿಟ್ಟ ಮಗುವಿನ ಕಥೆ ಬೇರೆ, ಅದು ಸುಲಭ ಎಂದು ನಂಬುವವರೇ ಹೆಚ್ಚು. ‘ಸಣ್ಣದು, ನಾಲ್ಕು ದಿನ ಅಳತದ, ಆಮ್ಯಾಲ ಮರೀತದ’ ಅನ್ನುತ್ತಾರೆ. ಮರೆಯುವುದಿಲ್ಲ ಎಂಬುದನ್ನು ಲೋಕಕ್ಕೆ ಕಣ್ಣಾರೆ ತೋರಿಸಿದವನು ಬ್ರಿಟನ್ನಿನ ಜೇಮ್ಸ್ ರಾಬರ್ಟ್‌ಸನ್. ಆಗಿನ ಆಸ್ಪತ್ರೆಗಳಲ್ಲಿ ಮಗುವಿನ ಜೊತೆ ತಾಯಿ ಇರಲು ಬಿಡುತ್ತಿರಲಿಲ್ಲ. ಎರಡೂವರೆ ವರ್ಷವೂ ತುಂಬದ ಹುಡುಗಿಯೊಬ್ಬಳು ಎಂಟು ದಿನ ಲಂಡನ್ ಆಸ್ಪತ್ರೆಯಲ್ಲಿ ಇದ್ದುದನ್ನು ಅವನು ಚಿತ್ರೀಕರಿಸಿ 1952ರಲ್ಲಿ ತೋರಿಸಿದ. ಆ ಮಗು ರಂಪ ಮಾಡಲಿಲ್ಲ. ದಿನ ಕಳೆದಂತೆ ಸುಮ್ಮನಾಯಿತು, ಬಂದ ತಾಯಿಯತ್ತ ಮುಖ ತಿರುಗಿಸಿತು. ರಾಬರ್ಟ್‌ಸನ್ ಮತ್ತು ಅವನ ಜೊತೆಗಾರ ಮನೋವೈದ್ಯ ಜಾನ್ ಬೌಲ್ಬಿ ಇದನ್ನು ಮೂರು ಹಂತವಾಗಿ ಗುರುತಿಸಿದರು: ಮೊದಲು ಪ್ರತಿಭಟನೆ, ಆಮೇಲೆ ಹತಾಶೆ, ಕೊನೆಗೆ ದೂರವಾಗಿಬಿಡುವುದು. ನಾವು ‘ಹೊಂದಿಕೊಂಡಿತು’ ಎಂದು ಸಮಾಧಾನಪಡುವುದು ಈ ಮೂರನೆಯ ಹಂತವನ್ನು. ಯುಗಾದಿಗೆ ಬಂದ ತಾಯಿ ಎರಡೂ ಕೈ ಚಾಚಿದರೆ ಕೂಸು ಆಯಿಯ ಸೆರಗಿನ ಹಿಂದೆ ಅಡಗುತ್ತದಲ್ಲ, ಸುತ್ತ ನೆರೆದವರು ‘ನೋಡು, ಗುರುತಾ ಹಿಡೀವಲ್ದು’ ಎಂದು ನಗುತ್ತಾರಲ್ಲ, ಅದು ನಗುವ ವಿಷಯವಲ್ಲ.

ಬಿಟ್ಟು ಹೋಗುವ ರೀತಿಯೂ ಒಂದಿದೆ. ಮಗು ಮಲಗಿದ ಮೇಲೆ ಸದ್ದಿಲ್ಲದೆ ಎದ್ದು ಹೋಗುವುದು. ಹೇಳಿ ಹೋದರೆ ಅಳುತ್ತದೆ, ಬಸ್ಸಿನ ಹಿಂದೆ ಓಡಿ ಬರುತ್ತದೆ ಎಂಬ ಭಯ. ಬೋನಾಳ ಕೆರೆ ದುರಸ್ತಿ ಮಾಡಿಸಿದ ಟೇಲರ್‌ನ ಕಾಲದ ಇಂಗ್ಲಿಷ್ ಅಧಿಕಾರಿಗಳಿಗೂ ಇದೇ ಸಂಕಟವಿತ್ತು, ದಿಕ್ಕು ಮಾತ್ರ ಉಲ್ಟಾ. ಇಲ್ಲಿನ ಸೆಕೆ, ಕಾಲರಾಗಳಿಗೆ ಹೆದರಿ ಮಕ್ಕಳನ್ನು ಐದಾರು ವರ್ಷಕ್ಕೇ ಇಂಗ್ಲೆಂಡಿನಲ್ಲಿ ಯಾರದೋ ಮನೆಯಲ್ಲಿ ಬಿಟ್ಟು ಬರುತ್ತಿದ್ದರು. ಮುಂಬೈಯಲ್ಲಿ ಹುಟ್ಟಿದ ರುಡ್‌ಯಾರ್ಡ್ ಕಿಪ್ಲಿಂಗ್‌ನನ್ನೂ ಮೂರು ವರ್ಷದ ಅವನ ತಂಗಿಯನ್ನೂ 1871ರಲ್ಲಿ ಹೀಗೆ ಸೌತ್‌ಸೀ ಎಂಬಲ್ಲಿ ಪರಿಚಯವಿಲ್ಲದ ದಂಪತಿಯ ಬಳಿ ಬಿಟ್ಟು ತಂದೆತಾಯಿ ಹಡಗು ಹತ್ತಿದರು. ಹೋಗುತ್ತಿದ್ದೇವೆ ಎಂದು ಮಕ್ಕಳಿಗೆ ಹೇಳಿರಲಿಲ್ಲ. ಕಿಪ್ಲಿಂಗ್‌ಗೆ ಆಗ ಆರು ವರ್ಷವೂ ತುಂಬಿರಲಿಲ್ಲ. ಮುಂದೆ ನೊಬೆಲ್ ಬಂದ ಮೇಲೂ, ಮುಪ್ಪಿನಲ್ಲಿ ಆತ್ಮಕಥೆ ಬರೆಯುವಾಗಲೂ ಆ ಮನೆಯ ಕಹಿ ಹೋಗಿರಲಿಲ್ಲ. ದೊರೆಗಳ ಮನೆಯ ಮಗುವಿಗೆ ಹೀಗಾದರೆ ತಾಂಡಾದ ಮಗುವಿಗೆ ಬೇರೆ ಮನಸ್ಸು ಇರುತ್ತದೆಯೇ? ಹೇಳಿ ಹೋಗಿ. ಅತ್ತರೂ ಸರಿ. ಎರಡು ವರ್ಷದ ಕೂಸಿಗೂ ‘ಹೋಗ್ತೀನಿ, ಜಾತ್ರಿಗಿ ಬರ್ತೀನಿ’ ಎಂಬ ಮಾತಿನಲ್ಲಿ ಅರ್ಧ ತಿಳಿಯುತ್ತದೆ. ರಾತ್ರಿ ಕಣ್ಮರೆಯಾದ ತಾಯಿಯಲ್ಲಿ ಏನೂ ತಿಳಿಯುವುದಿಲ್ಲ.

ಆಯಿಯ ಕಡೆಯಿಂದಲೂ ನೋಡಬೇಕು, ಯಾಕೆಂದರೆ ಈ ವ್ಯವಸ್ಥೆ ನಿಂತಿರುವುದು ಅವಳ ಮೇಲೆ. ಮೊಮ್ಮಕ್ಕಳು ಒಬ್ಬರಲ್ಲ, ಮೂವರು ಗಂಡುಮಕ್ಕಳ ಆರೇಳು ಮೊಮ್ಮಕ್ಕಳು ಒಂದೇ ಮುದುಕಿಯ ಸುತ್ತ ಇರುವ ಮನೆಗಳಿವೆ. ಅವಳಿಗೆ ಸಂಧ್ಯಾ ಸುರಕ್ಷಾ ಇಲ್ಲವೇ ವೃದ್ಧಾಪ್ಯ ವೇತನ, ಜೊತೆಗೆ ಪಡಿತರ ಅಕ್ಕಿ. ನೀರು ತರಬೇಕು, ಆಡು ಕಟ್ಟಬೇಕು, ಸಣ್ಣದಕ್ಕೆ ಜ್ವರ ಬಂದರೆ ಎತ್ತಿಕೊಂಡು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ನಡೆಯಬೇಕು. ಮಗ ಫೋನ್‌ಪೇ ಮಾಡಿದ ದುಡ್ಡು ಅವಳ ಕೈಗೆ ಬರುವುದು ಕಿರಾಣಿ ಅಂಗಡಿಯವನು ಮೊಬೈಲ್ ನೋಡಿ ಹೇಳಿದ ಮೇಲೆ. ಅವಳ ಅಕ್ಕರೆಗೆ ಕೊರತೆಯಿಲ್ಲ. ಕೊರತೆ ಇರುವುದು ಮೊಣಕಾಲಿನಲ್ಲಿ ಮತ್ತು ಕಣ್ಣಿನಲ್ಲಿ. ಆರು ವರ್ಷದ ಹುಡುಗನನ್ನು ಅವಳು ಚೆನ್ನಾಗಿ ನೋಡಿಕೊಳ್ಳಬಲ್ಲಳು, ಅವನೇ ಅವಳಿಗೆ ಊರುಗೋಲಾಗುತ್ತಾನೆ. ಓಡಿ ಓಡಿ ಬಾವಿಯತ್ತ ಹೋಗುವ ಒಂದೂವರೆ ವರ್ಷದ ಕೂಸಿನ ಹಿಂದೆ ಓಡಲಾರಳು.

ಚೀನಾ ಈ ಸಂಗತಿಯಲ್ಲಿ ನಮಗಿಂತ ದೊಡ್ಡ ಪಾಠಶಾಲೆ. ಅಲ್ಲಿ ‘ಹುಕೌ’ ಎಂಬ ಮನೆವಾರು ನೋಂದಣಿ ಪದ್ಧತಿ ಇದೆ. ಹಳ್ಳಿಯ ನೋಂದಣಿ ಇರುವವರ ಮಗುವಿಗೆ ಶಹರದ ಸರ್ಕಾರಿ ಶಾಲೆಯಲ್ಲಿ ಸುಲಭವಾಗಿ ಜಾಗ ಸಿಗುವುದಿಲ್ಲ. ಹೀಗಾಗಿ ಕಾರ್ಖಾನೆಗೆ ಹೋದ ತಂದೆತಾಯಿ ಮಕ್ಕಳನ್ನು ಅಜ್ಜ ಅಜ್ಜಿಯರ ಬಳಿ ಬಿಟ್ಟರು. 2020ರ ಜನಗಣತಿಯ ಆಧಾರದಲ್ಲಿ ಯುನಿಸೆಫ್ ಜೊತೆ ಸೇರಿ ಪ್ರಕಟವಾದ ಲೆಕ್ಕದಂತೆ ಹೀಗೆ ಹಿಂದೆ ಉಳಿದ ಮಕ್ಕಳು ಸುಮಾರು 6.7 ಕೋಟಿ. ನಮ್ಮ ಕಾನೂನಿನಲ್ಲಿ ಅಂಥ ಗೋಡೆ ಇಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯಂತೆ 6ರಿಂದ 14 ವರ್ಷದ ಯಾವ ಮಗುವನ್ನೂ, ಯಾವ ಊರಿನ ಸರ್ಕಾರಿ ಶಾಲೆಯಾದರೂ, ವರ್ಗಾವಣೆ ಪತ್ರ ತಡವಾಯಿತೆಂದು ಹೊರಗೆ ನಿಲ್ಲಿಸುವಂತಿಲ್ಲ. ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಳ್ಳಬೇಕು. ಅಂಗನವಾಡಿಯೂ ಹಾಗೆಯೇ, ಮಕ್ಕಳ ದಾಖಲೆ ಇಡುವ ಸರ್ಕಾರಿ ಆ್ಯಪ್ ಪೋಷಣ್ ಟ್ರ್ಯಾಕರ್‌ನಲ್ಲಿ ಹೆಸರಿರುವ ಮಗುವನ್ನು ಹೋದ ಊರಿನ ಅಂಗನವಾಡಿಗೆ ವರ್ಗಾಯಿಸಬಹುದು. ಪಡಿತರ ಚೀಟಿ ದೇಶದ ಯಾವ ಮೂಲೆಯಲ್ಲೂ ನಡೆಯುತ್ತದೆ.

ಇಷ್ಟೆಲ್ಲ ಇದ್ದೂ ಚೀನಾದ ಮಗುವಿಗೂ ನಮ್ಮ ಮಗುವಿಗೂ ಕೊನೆಗೆ ಆಗುವುದು ಒಂದೇ. ಕಟ್ಟಡದ ಕೆಲಸ ಮೂರು ತಿಂಗಳು ಸರ್ಜಾಪುರದ ಕಡೆ, ಮುಂದಿನ ಮೂರು ತಿಂಗಳು ಹೆಸರಘಟ್ಟದ ಕಡೆ. ಶಾಲೆಯ ದಾರಿ ತಿಳಿಯುವಷ್ಟರಲ್ಲಿ ಶೆಡ್ ಕಿತ್ತಿರುತ್ತದೆ. ಸೈಟಿನಿಂದ ಅಂಗನವಾಡಿಗೆ ಹೋಗುವ ದಾರಿಯಲ್ಲಿ ಆರು ಲೇನಿನ ರಸ್ತೆ. ಪುಣೆಗೆ ಹೋದರೆ ಅಂಗನವಾಡಿ ಕಾರ್ಯಕರ್ತೆ ಮರಾಠಿ ಮಾತಾಡುತ್ತಾಳೆ, ಹೈದರಾಬಾದಿನಲ್ಲಿ ತೆಲುಗು. ಸುರಪುರದ ಕೂಸು ಎರಡಕ್ಕೂ ಪಿಳಿಪಿಳಿ ಕಣ್ಣು ಬಿಡುತ್ತದೆ. ಇತ್ತ ಊರಿನ ಶಾಲೆಯ ಹಾಜರಿ ಪುಸ್ತಕದಲ್ಲಿ ಅಕ್ಕನ ಹೆಸರು ಹಾಗೇ ಇರುತ್ತದೆ. ಯುಗಾದಿ ಮುಗಿಸಿ ಬಂದರೆ ಅವಳು ಮುಂದಿನ ತರಗತಿಯಲ್ಲಿ ಕೂರುತ್ತಾಳೆ, ಕಳೆದ ತರಗತಿಯ ಅರ್ಧ ಪಾಠ ಕೇಳದೆ. ಎರಡು ಮೂರು ವರ್ಷ ಹೀಗಾದರೆ ಅವಳೇ ‘ನಾ ಸಾಲಿಗಿ ಒಲ್ಲೆ’ ಅನ್ನುತ್ತಾಳೆ. ಅದನ್ನು ಕೇಳಿ ನಾವು ಹುಡುಗಿಗೆ ಓದಿನಲ್ಲಿ ಆಸಕ್ತಿಯಿಲ್ಲ ಎಂದು ಬರೆದುಕೊಳ್ಳುತ್ತೇವೆ.

ಕೂಸು ನೋಡಿಕೊಳ್ಳುವ ಕೆಲಸ ಹತ್ತು ವರ್ಷದ ಹುಡುಗಿಯದಲ್ಲ, ಕೆಲಸ ಕೊಟ್ಟವನದು. ಇದು ನನ್ನ ಮಾತಲ್ಲ, ಕಾಯ್ದೆಯದೇ. 1996ರ ಕಟ್ಟಡ ಕಾರ್ಮಿಕರ ಕಾಯ್ದೆಯ 35ನೇ ಕಲಮು, 50ಕ್ಕಿಂತ ಹೆಚ್ಚು ಮಹಿಳಾ ಕಾರ್ಮಿಕರಿರುವ ಕಡೆ ಆರು ವರ್ಷದೊಳಗಿನ ಅವರ ಮಕ್ಕಳಿಗೆ ಗಾಳಿ ಬೆಳಕಿನ ಶುಚಿಯಾದ ಕೋಣೆ ಇರಬೇಕು, ಮಕ್ಕಳ ಆರೈಕೆಯಲ್ಲಿ ತರಬೇತಿ ಪಡೆದ ಹೆಂಗಸರು ಅಲ್ಲಿರಬೇಕು ಎಂದಿತು. ಎಷ್ಟು ಸ್ಪಷ್ಟ! ಆದರೆ ಆ ‘50’ ಎಂಬ ಸಂಖ್ಯೆಯೇ ತಪ್ಪಿಸಿಕೊಳ್ಳುವ ಕಿಂಡಿಯಾಯಿತು. ಒಂದು ಸೈಟಿನಲ್ಲಿ ಸೆಂಟ್ರಿಂಗ್‌ಗೆ ಒಬ್ಬ ಗುತ್ತಿಗೆದಾರ, ಪ್ಲಾಸ್ಟರಿಂಗ್‌ಗೆ ಇನ್ನೊಬ್ಬ, ಟೈಲ್ಸಿಗೆ ಮತ್ತೊಬ್ಬ. ಪ್ರತಿಯೊಬ್ಬನ ಪುಸ್ತಕದಲ್ಲಿ ಹತ್ತೋ ಹದಿನೈದೋ ಹೆಂಗಸರು. ಎಷ್ಟೋ ಕಡೆ ಜೋಡಿಯ ಕೂಲಿ ಗಂಡನ ಹೆಸರಿನಲ್ಲೇ ಹೋಗುತ್ತದೆ, ಹೆಂಡತಿಯ ಹೆಸರು ಪುಸ್ತಕದಲ್ಲಿ ಇರುವುದೇ ಇಲ್ಲ. ಇಲ್ಲದ ಹೆಂಗಸಿನ ಮಗುವಿಗೆ ಕೋಣೆ ಯಾಕೆ? 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳಲ್ಲಿ ‘ಮಹಿಳಾ’ ಎಂಬ ಷರತ್ತು ಬಿದ್ದುಹೋಗಿ, ಗಂಡಸು ಹೆಂಗಸು ಸೇರಿ 50 ದಾಟಿದರೆ ಸಾಕೆಂದಾಗಿದೆ. ಒಳ್ಳೆಯ ಬದಲಾವಣೆ. ಕಾಯ್ದೆಯ ಪುಸ್ತಕದಿಂದ ಸೈಟಿನ ನೆಲಮಹಡಿಗೆ ಅದು ಇಳಿದು ಬರಬೇಕು, ಅಷ್ಟೇ. ಹಳೆಯದು ಮೂವತ್ತು ವರ್ಷದಲ್ಲಿ ಎಷ್ಟು ಇಳಿಯಿತೆಂದು ಗೊತ್ತಿದ್ದವರು ಹಿಗ್ಗಲಾರರು.

ದುಡ್ಡಿಲ್ಲ ಎಂಬ ನೆಪಕ್ಕೂ ಜಾಗವಿಲ್ಲ. ದೊಡ್ಡ ಕಟ್ಟಡಗಳ ವೆಚ್ಚದ ಶೇ 1ರಷ್ಟು ಕಾರ್ಮಿಕರ ಕಲ್ಯಾಣಕ್ಕೆಂದೇ ಸೆಸ್ ಆಗಿ ವಸೂಲಾಗುತ್ತದೆ. ಮಾಡಿ ತೋರಿಸಿದ ಮಾದರಿ ಇಲ್ಲ ಎನ್ನುವಂತೆಯೂ ಇಲ್ಲ. 1969ರಲ್ಲಿ ಗಾಂಧಿ ಶತಮಾನೋತ್ಸವದ ಪ್ರದರ್ಶನಕ್ಕೆ ದಿಲ್ಲಿಯ ರಾಜಘಾಟ್ ಬಳಿ ಕಟ್ಟಡಗಳು ಏಳುತ್ತಿದ್ದಾಗ, ದೂಳಿನಲ್ಲಿ ಬಿದ್ದಿದ್ದ ಕೂಲಿಗಳ ಮಕ್ಕಳನ್ನು ಕಂಡು ಮೀರಾ ಮಹಾದೇವನ್ ಅಲ್ಲೇ ಒಂದು ಡೇರೆ ಹಾಕಿಸಿದರು. ‘ಮೊಬೈಲ್ ಕ್ರೆಷಸ್’ ಸಂಸ್ಥೆ ಹುಟ್ಟಿದ್ದು ಹಾಗೆ. ಕಟ್ಟಡ ಮುಗಿದು ಕೂಲಿಗಳು ಮುಂದಿನ ಸೈಟಿಗೆ ಹೋದರೆ ಮಕ್ಕಳ ಕೋಣೆಯೂ ಅವರ ಹಿಂದೆ ಹೋಗಬೇಕು ಎಂಬುದು ಅದರ ಮೂಲ ವಿಚಾರ. ಗುಳೆಯ ಸ್ವಭಾವ ತಿಳಿದವರ ವಿಚಾರ ಅದು. ನಮ್ಮ ಬಹಳಷ್ಟು ಯೋಜನೆಗಳು ಮಗು ಒಂದೇ ಕಡೆ ಕೂತಿರುತ್ತದೆ ಎಂದು ನಂಬಿಕೊಂಡಿವೆ.

ಊರಲ್ಲೇ ಉಳಿಯುವ ತಾಯಂದಿರಿಗಾಗಿ ಒಂದಿಷ್ಟು ಆಗಿದೆ, ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ. 2005ರ ಉದ್ಯೋಗ ಖಾತ್ರಿ ಕಾಯ್ದೆಯಲ್ಲೇ, ಕೆಲಸದ ಜಾಗಕ್ಕೆ ಐದು ಸಣ್ಣ ಮಕ್ಕಳು ಬಂದರೆ ಒಬ್ಬ ಹೆಂಗಸನ್ನು ಅವರನ್ನು ನೋಡಿಕೊಳ್ಳಲು ಬಿಟ್ಟು ಅವಳಿಗೂ ಕೂಲಿ ಕೊಡಬೇಕು ಎಂಬ ನಿಯಮವಿತ್ತು. 2023ರಲ್ಲಿ ರಾಜ್ಯ ಸರ್ಕಾರ ‘ಕೂಸಿನ ಮನೆ’ ಹೆಸರಿನಲ್ಲಿ 4000 ಗ್ರಾಮ ಪಂಚಾಯಿತಿಗಳಲ್ಲಿ ಶಿಶುಪಾಲನಾ ಕೇಂದ್ರ ತೆರೆಯುವುದಾಗಿ ಹೇಳಿತು. ಕೂಸಿನ ಮನೆ ದಿನವಿಡೀ ನಡೆಯುವ ಊರಿನಲ್ಲಿ ತಾಯಿಗೆ ಇಲ್ಲೇ ನಾಲ್ಕು ಕಾಸು ದುಡಿಯುವ ಧೈರ್ಯ ಬರುತ್ತದೆ, ಅಕ್ಕ ಶಾಲೆಗೆ ಹೋಗುತ್ತಾಳೆ. ಆದರೆ ಗುಳೆ ಹೋಗುವವರಿಗೆ ಬೇಕಾದದ್ದು ಕಾರ್ತೀಕದಿಂದ ಯುಗಾದಿವರೆಗಿನ ಕೂಲಿ. ಆ ತಿಂಗಳುಗಳಲ್ಲಿ ಇಲ್ಲಿ ಕೆಲಸವೂ ಇಲ್ಲ, ಆದ ಕೆಲಸದ ದುಡ್ಡೂ ಹೊತ್ತಿಗೆ ಬರುವುದಿಲ್ಲ.

ಬಿಟ್ಟು ಹೋಗುವವರ ಲೆಕ್ಕವನ್ನು ತುಸು ಬದಲಿಸಿದ್ದು, ಯಾರೂ ಎಣಿಸಿರದಿದ್ದ ಇನ್ನೊಂದು ಯೋಜನೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ರಾಜ್ಯದೊಳಗೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ. ಬೆಂಗಳೂರಿನಿಂದ ಸುರಪುರಕ್ಕೆ ಐನೂರು ಕಿಲೋಮೀಟರಿನಷ್ಟು ದಾರಿ. ಖಾಸಗಿ ಸ್ಲೀಪರ್ ಬಸ್ಸಿನಲ್ಲಿ ಹೋಗಿಬರಲು ವಾರದ ಕೂಲಿಯ ದೊಡ್ಡ ಪಾಲು ಹೋಗುತ್ತಿತ್ತು, ಹೀಗಾಗಿ ತಾಯಿ ಐದು ತಿಂಗಳು ಮಗುವಿನ ಮುಖ ನೋಡುತ್ತಿರಲಿಲ್ಲ. ಈಗ ಶನಿವಾರ ರಾತ್ರಿ ನಿಂತುಕೊಂಡಾದರೂ ಬಂದು ಸೋಮವಾರ ಬೆಳಿಗ್ಗೆ ಕೆಲಸಕ್ಕೆ ಹಾಜರಾಗಬಹುದು. ಶಕ್ತಿ ಯೋಜನೆಯಿಂದ ಧರ್ಮಸ್ಥಳಕ್ಕೆ ಎಷ್ಟು ಮಂದಿ ಹೋದರು ಎಂದು ನಕ್ಕವರು ಈ ಪ್ರಯಾಣವನ್ನೂ ನೋಡಬೇಕಿತ್ತು. ಪುಣೆಗೂ ಗೋವಾಕ್ಕೂ ಹೋದವರಿಗೆ ಇದು ಸಿಗುವುದಿಲ್ಲ. ಸಣ್ಣ ಮಗುವನ್ನು ಬಿಟ್ಟು ಹೋಗುವವರು, ಕೂಲಿ ಸ್ವಲ್ಪ ಕಡಿಮೆಯಾದರೂ ರಾಜ್ಯದೊಳಗಿನ ಊರನ್ನೇ ಆರಿಸಿಕೊಳ್ಳುವುದು ಈ ಕಾರಣಕ್ಕೆ ಜಾಣತನ.

ಶಾಲೆಯ ವಯಸ್ಸಿನವರಿಗೆ ಋತುಮಾನ ವಸತಿ ನಿಲಯಗಳೆಂಬ ಏರ್ಪಾಡು ಇದೆ. ತಂದೆತಾಯಿ ಹೋದ ತಿಂಗಳುಗಳಲ್ಲಿ ಮಗು ಊರಿನ ಶಾಲೆಯಲ್ಲೇ ಊಟ, ವಸತಿ ಪಡೆದು ಓದು ಮುಂದುವರಿಸುವುದು. ಸಮಗ್ರ ಶಿಕ್ಷಣ ಕಾರ್ಯಕ್ರಮದಲ್ಲಿ ಇದಕ್ಕೆ ಅನುದಾನವಿದೆ. ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯ, ಮೊರಾರ್ಜಿ ದೇಸಾಯಿ ವಸತಿ ಶಾಲೆಗಳ ಬಾಗಿಲು ತೆರೆಯುವುದು ಆರನೇ ತರಗತಿಗೆ. ಕೂಸು ಆಡಿಸಲು ಎಂಟು, ಒಂಬತ್ತು, ಹತ್ತರ ಹುಡುಗಿಯೇ ಬೇಕಾಗುವುದರಿಂದ, ಆ ಬಾಗಿಲು ತೆರೆಯುವ ಮೊದಲೇ ಅವಳು ಬಸ್ ಹತ್ತಿರುತ್ತಾಳೆ. ಆದ್ದರಿಂದ ನಮ್ಮ ಭಾಗಕ್ಕೆ ತುರ್ತಾಗಿ ಬೇಕಿರುವುದು ಕಿರಿಯ ಪ್ರಾಥಮಿಕ ಶಾಲೆಗಳಲ್ಲಿ ಋತುಮಾನ ವಸತಿ. ಅದೂ ಬಸ್ಸು ಹೊರಡುವ ಮೊದಲು, ದೀಪಾವಳಿಗೇ ಬಾಗಿಲು ತೆರೆಯಬೇಕು. ಮಂಜೂರಾತಿ ಆದೇಶ ಸಂಕ್ರಾಂತಿಯ ಮೈಲಾಪುರ ಜಾತ್ರೆ ಕಳೆದ ಮೇಲೆ ಬಂದರೆ ಅದರಲ್ಲಿ ಮಲಗಲು ಮಕ್ಕಳೇ ಇರುವುದಿಲ್ಲ.

ಈ ವರ್ಷ ಹೊರಡಲೇಬೇಕಾದ ಮನೆಗೆ ನಾನು ಹೇಳುವುದು ಇಷ್ಟು. ಮೂರರೊಳಗಿನ ಕೂಸು ತಾಯಿಯ ಜೊತೆಗೇ ಇರಲಿ. ಆದರೆ ಮುಂಗಡ ಈಸಿಕೊಳ್ಳುವ ಮೊದಲು ಮುಕದ್ದಮನನ್ನು ಕೂರಿಸಿ ಕೇಳಿ: ಸೈಟಿನಲ್ಲಿ ಮಕ್ಕಳ ಕೋಣೆ ಇದೆಯೇ, ಹತ್ತಿರ ಅಂಗನವಾಡಿ ಎಲ್ಲಿದೆ, ಒಂದೇ ಕಡೆ ಎಷ್ಟು ತಿಂಗಳ ಕೆಲಸ. ಇಲ್ಲವೆಂದರೆ ಒಂದೇ ಊರಿನ ನಾಲ್ಕು ಜೋಡಿ ಕೂಡಿ ಹೋಗಿ, ಕೆಲಸಕ್ಕೆ ಹೋಗದ ಒಬ್ಬ ಹಿರಿಯ ಹೆಂಗಸನ್ನು ಜೊತೆಗೆ ಕರೆದೊಯ್ದು, ಅವಳ ಊಟ ಕೂಲಿಯನ್ನು ನಾಲ್ವರೂ ಹಂಚಿಕೊಳ್ಳಿ. ಹುಡುಗಿಯನ್ನು ಒಯ್ಯುವುದಕ್ಕಿಂತ ಅದು ತುಟ್ಟಿ ಎನಿಸುತ್ತದೆ. ಅವಳ ಹತ್ತನೇ ತರಗತಿಯ ಲೆಕ್ಕ ಹಾಕಿದರೆ ಅಗ್ಗ. ಆರು ದಾಟಿದ ಮಕ್ಕಳು, ಗಂಡಿರಲಿ ಹೆಣ್ಣಿರಲಿ, ಊರಿನ ಶಾಲೆಯಲ್ಲೇ ಉಳಿಯಲಿ. ಮೂರರಿಂದ ಆರರ ನಡುವಿನ ಮಗುವಿಗೆ ಒಂದೇ ಉತ್ತರವಿಲ್ಲ. ಆಯಿಗೆ ಓಡಾಡುವ ತ್ರಾಣವಿದ್ದು ಅಂಗನವಾಡಿ ದಿನವೂ ತೆರೆಯುತ್ತಿದ್ದರೆ ಬಿಡಬಹುದು, ಎರಡರಲ್ಲಿ ಒಂದು ಇಲ್ಲದಿದ್ದರೂ ಬಿಡಬಾರದು. ಒಯ್ಯುವುದಾದರೆ ಚುಚ್ಚುಮದ್ದಿನ ವಿವರ ಬರೆದ ತಾಯಿ ಕಾರ್ಡ್ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಗಂಟಿನ ಮೇಲ್ಭಾಗದಲ್ಲೇ ಇಟ್ಟುಕೊಳ್ಳಿ. ಒಂಬತ್ತು ತಿಂಗಳು ತುಂಬಿದಾಗ ಒಮ್ಮೆ, ಒಂದೂವರೆ ವರ್ಷದ ಆಸುಪಾಸಿನಲ್ಲಿ ಇನ್ನೊಮ್ಮೆ ಹಾಕಿಸಬೇಕಾದ ದಡಾರ–ರುಬೆಲ್ಲಾ ಚುಚ್ಚುಮದ್ದು ತಪ್ಪುವುದು ಈ ಓಡಾಟದಲ್ಲೇ. ಪಡಿತರ ಚೀಟಿ, ಮಗುವಿನ ಆಧಾರ್, ಜನನ ಪ್ರಮಾಣಪತ್ರದ ಫೋಟೊ ಮೊಬೈಲಿನಲ್ಲಿರಲಿ. ಹೊರಡುವ ಮೊದಲು ಅಂಗನವಾಡಿ ಕಾರ್ಯಕರ್ತೆಗೆ ಹೇಳಿ ಹೋಗಿ. ಹೆಸರು ವರ್ಗಾಯಿಸುವುದು ಅವರ ಕೈಯಲ್ಲಿದೆ.

ಬೆಂಗಳೂರಿನ ಓದುಗರಿಗೂ ಒಂದು ಮಾತು. ಪತ್ರಿಕೆಗಳ ಪುರವಣಿಗಳಲ್ಲಿ ಹೊಸ ಅಪಾರ್ಟ್‌ಮೆಂಟುಗಳ ಜಾಹೀರಾತು ನೋಡಿರುತ್ತೀರಿ. ಈಜುಕೊಳ, ಜಿಮ್, ಮಕ್ಕಳ ಆಟದ ಅಂಗಳ ಎಂದು ಬಣ್ಣದಲ್ಲಿ ಹಾಕಿರುತ್ತಾರೆ. ಸೈಟ್ ನೋಡಲು ಹೋದಾಗ ಮಾದರಿ ಮನೆಯ ಬಾಲ್ಕನಿಯಿಂದ ಕೆಳಗೆ ಇಳಿದು, ಕೂಲಿಗಳ ಮಕ್ಕಳ ಕೋಣೆ ಎಲ್ಲಿದೆ ಎಂದು ಮಾರಾಟದ ಹುಡುಗನನ್ನು ಕೇಳಿ. ಕಾರ್ಮಿಕ ಇಲಾಖೆಯ ಇನ್‌ಸ್ಪೆಕ್ಟರ್ ಕೇಳಿದರೆ ಬಿಲ್ಡರ್ ಕಡತ ತೋರಿಸಿ ಕಳಿಸಬಹುದು. ಮುಂಗಡ ಕಟ್ಟಲು ಚೆಕ್ ಪುಸ್ತಕ ಹಿಡಿದು ನಿಂತ ನೀವು ಕೇಳಿದರೆ ಹಾಗೆ ಕಳಿಸಲಾರ.